ಬಾತೂರ್ ಬೆಟ್ಟದ ಮೇಲೆ ಒಂದು ಬೆಳಗು

ಬೆಟ್ಟ ಹತ್ತುವುದಕ್ಕೆಂದು ಸಮುದ್ರ ದಾಟಿ ಹೋದ ಮಹಾಶಯನೆಂದು ನಮ್ಮ ಕಚೇರಿಯಲ್ಲಿ ನನಗೊಂದು ಹೆಸರು ಬಂದಿದೆ. ಪುಣೆಯ ಸುತ್ತ ಗುಡ್ಡಗಳಿಗೇನು ಬರಗಾಲವೆ? ಸಿಂಹಗಡವಿದೆ, ಪರ್ವತಿಯಿದೆ. ಅವನ್ನೆಲ್ಲ ಬಿಟ್ಟು, ಮೂರು ವರ್ಷ ಕೂಡಿಟ್ಟ ಹಣವನ್ನು ಕಟ್ಟಿಕೊಂಡು ಬಾಲಿ ದ್ವೀಪಕ್ಕೆ ಹೋಗಿ, ಅಲ್ಲಿಯೂ ಕಡಲ ದಂಡೆಯ ಮೇಲೆ ಕಾಲು ಚಾಚಿ ಕೂಡುವುದನ್ನು ಬಿಟ್ಟು, ನಡುರಾತ್ರಿಯಲ್ಲೆದ್ದು ಹೊಗೆಯಾಡುವ ಬೆಟ್ಟವನ್ನು ಏರಿದ್ದೇಕೆ ಎಂದು ಗೆಳೆಯರು ಕೇಳುತ್ತಾರೆ. ಹೋಗುವಾಗ ನನ್ನಲ್ಲಿಯೂ ಉತ್ತರವಿರಲಿಲ್ಲ. ಬಂದ ಮೇಲೆ ಸಿಕ್ಕಿದೆ. ಅದನ್ನು ಸಂಘದ ಬಂಧುಗಳ ಮುಂದೆ ಹೇಳಿಕೊಳ್ಳುವ ಆಸೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹೊರಡುವ ಹಿಂದಿನ ದಿನ ಅಪ್ಪ ನನ್ನನ್ನು ಕರೆದು ಹತ್ತಿರ ಕೂಡಿಸಿಕೊಂಡರು. ಮಗಳನ್ನು ಅವರ ಬಳಿಯೇ ಬಿಟ್ಟು ನಾನೂ ನನ್ನಾಕೆಯೂ ಹೊರಟಿದ್ದೆವು. ನಮ್ಮ ಅಪ್ಪ ಮಾತು ಕಡಿಮೆ. "ಅಲ್ಲಿ ಗುಡ್ಡ ಬೆಂಕಿ ಕಾರತೈತಂತ, ಅದರ ಬುಡಕ ಊರು ಅದಾವಂತ. ಆ ಮಂದಿ ಊರು ಬಿಟ್ಟು ಯಾಕ ಹೋಗಿಲ್ಲ ಅಂತ ಒಂದೀಟು ಕೇಳ್ಕೊಂಡು ಬಾ" ಎಂದರು. ಅಷ್ಟೇ. ಆಗ ನಾನು ನಕ್ಕು, "ಆತಪ್ಪ, ಕೇಳ್ತೀನಿ" ಎಂದೆ. ಅವರು ಹಾಗೆ ಕೇಳಿದ್ದೇಕೆ ಎಂದು ಆ ಹೊತ್ತಿನಲ್ಲಿ ಯೋಚಿಸಲಿಲ್ಲ.

ಇಂಡೊನೇಷ್ಯದ ಸಾವಿರಾರು ದ್ವೀಪಗಳಲ್ಲಿ ಬಾಲಿ ಒಂದು. ಜಾವಾದ ಪೂರ್ವಕ್ಕೆ ಅಂಟಿಕೊಂಡಂತೆ ಇದೆ. ದೇಶದಲ್ಲಿ ಮುಸಲ್ಮಾನರೇ ಬಹುಸಂಖ್ಯಾತರಾದರೂ ಈ ದ್ವೀಪದಲ್ಲಿ ಮಾತ್ರ ನೂರಕ್ಕೆ 80ಕ್ಕಿಂತ ಹೆಚ್ಚು ಜನ ಹಿಂದೂಗಳು. ಎದುರಿಗೆ ಸಿಕ್ಕವರು ಕೈ ಮುಗಿದು "ಓಂ ಸ್ವಸ್ತ್ಯಸ್ತು" ಎನ್ನುತ್ತಾರೆ. ಮನೆಯ ಬಾಗಿಲಲ್ಲಿ, ಅಂಗಡಿಯ ಮುಂದೆ, ಮೋಟಾರಿನ ಒಳಗೆ ಕೂಡ ತೆಂಗಿನ ಎಳೆಗರಿಯಲ್ಲಿ ಹೆಣೆದ ಅಂಗೈಯಗಲದ ಬುಟ್ಟಿಯಲ್ಲಿ ಹೂವಿಟ್ಟು, ಊದಿನಕಡ್ಡಿ ಹಚ್ಚಿಟ್ಟಿರುತ್ತಾರೆ. ವರ್ಷಗಳನ್ನು ಅವರೂ ನಮ್ಮಂತೆ ಶಕೆಯಲ್ಲಿಯೇ ಎಣಿಸುತ್ತಾರೆ. ಆದರೆ ಅವರ ಹೊಸ ವರ್ಷದ ದಿನ ಹಬ್ಬದೂಟವಿಲ್ಲ, ಗದ್ದಲವಿಲ್ಲ. ದೀಪ ಹಚ್ಚದೆ, ಕೆಲಸ ಮಾಡದೆ, ಹೊರಗೆ ಕಾಲಿಡದೆ ಇಡೀ ದ್ವೀಪ ಮೌನವಾಗಿರುತ್ತದೆ. ವಿಮಾನ ನಿಲ್ದಾಣವನ್ನೂ ಅಂದು ಮುಚ್ಚುತ್ತಾರೆ.

ಅಲ್ಲಿಯ ನಾಣ್ಯದ ಹೆಸರು ರುಪಿಯಾ. ಒಂದು ಲಕ್ಷ ರುಪಿಯಾ ಎಂದರೆ ನಮ್ಮ 500 ರೂಪಾಯಿಯ ಆಚೀಚೆ. ಮೊದಲ ದಿನ ಊಟದ ಬಿಲ್ಲು ಕೊಟ್ಟು ಬಂದಾಗ ನನ್ನಾಕೆ, "ಒಂದೂಟಕ್ಕ ಲಕ್ಷಗಟ್ಟಲೆ ಸುರದು ಬಂದ್ರಲ್ರೀ, ಊರಾಗ ಹೇಳಬ್ಯಾಡ್ರಿ, ಸಾಲ ಕೇಳಾಕ ಬರ್ತಾರ" ಎಂದಳು. ಹುಟ್ಟಿದ ಮೇಲೆ ಮೊದಲ ಬಾರಿಗೆ ನಾನು ಲಕ್ಷಾಧೀಶನಾದದ್ದು ಹೀಗೆ.

ಪ್ರವಾಸಿಗರ ಗದ್ದಲವೆಲ್ಲ ದಕ್ಷಿಣದ ಕರಾವಳಿಯಲ್ಲಿ. ಅಲ್ಲಿ ಎರಡು ದಿನ ಕಳೆದು ನಾವು ಉಬುದ್ ಊರಿನ ಮೇಲೆ ಹಾಯ್ದು ಉತ್ತರದ ಬೆಟ್ಟಗಳ ಕಡೆಗೆ ಹೊರಟೆವು. ದಾರಿಯುದ್ದಕ್ಕೂ ಮೆಟ್ಟಿಲುಮೆಟ್ಟಿಲಾದ ಬತ್ತದ ಗದ್ದೆಗಳು. ಏರುತ್ತ ಹೋದಂತೆ ಗದ್ದೆ ಹೋಗಿ ಕಿತ್ತಳೆ, ಕಾಫಿ ತೋಟಗಳು ಬಂದವು, ಗಾಳಿ ತಣ್ಣಗಾಯಿತು. ಕಿಂತಾಮಣಿಯ ಹತ್ತಿರ ಪೆನೆಲೋಕಾನ್ ಎಂಬ ಕಡೆ ಮೋಟಾರು ನಿಂತಿತು. 'ನೋಡುವ ತಾಣ' ಎಂಬುದೇ ಆ ಹೆಸರಿನ ಅರ್ಥವಂತೆ. ಇಳಿದು ನೋಡಿದರೆ ಕಾಲ ಕೆಳಗೆ ನೆಲವೇ ಇಲ್ಲ!

ಹತ್ತು ಮೈಲಿಗೆ ಹತ್ತಿರ ಹತ್ತಿರ ಉದ್ದದ ಒಂದು ಬಾಣಲೆಯನ್ನು ನೆಲದಲ್ಲಿ ಹೂತಿಟ್ಟಂತೆ ಕಾಣುತ್ತದೆ. ನಾವು ನಿಂತದ್ದು ಆ ಬಾಣಲೆಯ ಅಂಚಿನ ಮೇಲೆ. ನಡುವೆ ಬಾತೂರ್ ಬೆಟ್ಟ. ಅದರ ಮಗ್ಗುಲಲ್ಲಿ ಬಿದಿಗೆಯ ಚಂದ್ರನಂತೆ ಬಾಗಿದ ನೀಲಿ ಕೆರೆ. ಬೆಟ್ಟದ ಬುಡದಿಂದ ನಮ್ಮ ಕಡೆಗೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲ್ಲಿನ ಹರವು. ಬಹು ಹಿಂದೆ ಇಲ್ಲಿ ಇದಕ್ಕಿಂತ ದೊಡ್ಡದಾದ ಅಗ್ನಿಪರ್ವತವಿತ್ತಂತೆ. ಸುಮಾರು 29,000 ವರ್ಷಗಳ ಹಿಂದೆ ಒಮ್ಮೆ, 20,000 ವರ್ಷಗಳ ಹಿಂದೆ ಇನ್ನೊಮ್ಮೆ ಅದು ಸಿಡಿದು, ಒಳಗಿನ ಕರಗಿದ ಕಲ್ಲೆಲ್ಲ ಹೊರಗೆ ಹೋಗಿ, ಬರಿದಾದ ಹೊಟ್ಟೆಯ ಮೇಲೆ ತಲೆ ಕುಸಿದು ಬಿದ್ದು ಈ ಬಾಣಲೆಯಾಯಿತು. ಕುಸಿದ ಬೆಟ್ಟದ ನಡುವೆ ಮತ್ತೆ ಹುಟ್ಟಿಕೊಂಡ ಮರಿಬೆಟ್ಟವೇ ಈಗಿನ ಬಾತೂರ್. 1804ರಿಂದ ಈಚೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಉಕ್ಕಿದೆ. ಕಡೆಯ ಸಲ ಉಕ್ಕಿದ್ದು 2000ದಲ್ಲಿ.

ಇಲ್ಲಿಯ ಬೆಂಕಿಗೆ ಕಾರಣ ದೂರದ ಕಡಲಡಿಯಲ್ಲಿದೆ. ದ್ವೀಪದ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ತಳದ ಶಿಲಾಫಲಕವೊಂದು ಉತ್ತರಕ್ಕೆ ಸರಿಯುತ್ತ ದ್ವೀಪಗಳ ಅಡಿಗೆ ನುಗ್ಗುತ್ತಿದೆ. ಆಳಕ್ಕೆ ಇಳಿದಂತೆ ಅದು ಹೀರಿಕೊಂಡಿದ್ದ ನೀರು ಹೊರಬಿದ್ದು ಮೇಲಿನ ಬಿಸಿ ಬಂಡೆಯನ್ನು ಸೇರುತ್ತದೆ. ನೀರು ಸೇರಿದ ಬಂಡೆ ಬೇಗ ಕರಗುತ್ತದೆ. ಕರಗಿದ್ದು ಹಗುರಾಗಿ ಮೇಲೇರುತ್ತದೆ. ಸುಮಾತ್ರ, ಜಾವಾ, ಬಾಲಿ, ಲೊಂಬೊಕ್ ಎಂದು ಸಾಲಾಗಿ ಅಗ್ನಿಪರ್ವತಗಳು ನಿಂತಿರುವುದು ಈ ಕಾರಣದಿಂದ.

ಆ ರಾತ್ರಿ ಕೆರೆಯ ದಂಡೆಯ ತೋಯಾ ಬುಂಕಾ ಎಂಬ ಹಳ್ಳಿಯಲ್ಲಿ ಉಳಿದುಕೊಂಡೆವು. ಊರಿನ ದಾರಿಕಾರನಿಲ್ಲದೆ ಬೆಟ್ಟ ಹತ್ತಗೊಡುವುದಿಲ್ಲ. ನಮಗೆ ಸಿಕ್ಕವನು ಇಪ್ಪತ್ತೈದರ ಹುಡುಗ, ಸರಳ ಇಂಗ್ಲಿಷು ಬಲ್ಲವನು. ಬೆಳಗಿನ ನಾಲ್ಕಕ್ಕೆ ಟಾರ್ಚು ಹಿಡಿದು ಹೊರಟೆವು. ಮೊದಲು ಈರುಳ್ಳಿ, ಟೊಮೇಟೊ ತೋಟಗಳ ನಡುವಿನ ಮಣ್ಣು ದಾರಿ; ಆಮೇಲೆ ಕುರುಚಲು ಕಾಡು; ಆಮೇಲೆ ಬರಿಯ ಕಪ್ಪು ಮರಳುಗಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಪ್ರವಾಸಕ್ಕೆಂದು ಒಂದು ತಿಂಗಳು ಪರ್ವತಿಯ 103 ಮೆಟ್ಟಿಲುಗಳನ್ನು ದಿನವೂ ಹತ್ತಿ ಇಳಿದಿದ್ದೆ. ಆ ತಪಸ್ಸೆಲ್ಲ ಮೊದಲ ಅರ್ಧ ಗಂಟೆಯಲ್ಲಿ ಕರಗಿತು. ಕುರ್ಚಿಯ ಮೇಲೆ ಹನ್ನೆರಡು ವರ್ಷ ಸವೆಸಿದ ಮೈ ಏದುಸಿರು ಬಿಡತೊಡಗಿತು. ನನ್ನಾಕೆ ಮಾತ್ರ ಸೆರಗು ಬಿಗಿದು, ಬೂಟು ಹಾಕಿಕೊಂಡು, ಎಲ್ಲಮ್ಮನ ಗುಡ್ಡ ಹತ್ತುವಂತೆ ಹತ್ತುತ್ತಿದ್ದಳು. ತಿರುವಿನಲ್ಲಿ ನಿಂತು ಕೆಳಗೆ ನೋಡಿದರೆ ನೂರಾರು ಟಾರ್ಚುಗಳು ಸಾಲಾಗಿ ಮೇಲೇರುತ್ತಿದ್ದವು, ಕಾರ್ತಿಕದ ದೀಪಗಳು ಎದ್ದು ನಡೆದ ಹಾಗೆ.

ಎರಡು ಗಂಟೆಯ ಮೇಲೆ ತುದಿ ಮುಟ್ಟಿದೆವು. ಎತ್ತರ 1,717 ಮೀಟರು. ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ಬಂಡೆಯ ಸಂದುಗಳಿಂದ ಬಿಸಿ ಹಬೆ ಏಳುತ್ತದೆ. ದಾರಿಕಾರರು ಆ ಸಂದುಗಳಲ್ಲಿ ಮೊಟ್ಟೆ, ಬಾಳೆಹಣ್ಣು ಇಟ್ಟು ಬೇಯಿಸಿ ಕೊಡುತ್ತಾರೆ. ಮೊಟ್ಟೆ ನಮಗೆ ನಡೆಯುವುದಿಲ್ಲ. ಭೂಮಿತಾಯಿ ಬೇಯಿಸಿದ ಬಾಳೆಹಣ್ಣನ್ನು ತಿಂದೆವು. ಉಳಿದೊಂದನ್ನು ಕೋತಿ ಬಂದು ಕಸಿದುಕೊಂಡು ಹೋಯಿತು. ಅಷ್ಟರಲ್ಲಿ ಮೂಡಲು ಕೆಂಪಾಯಿತು. ಕೆರೆಯಾಚೆ ಅಬಾಂಗ್ ಬೆಟ್ಟ, ಅದರ ಹಿಂದೆ ಆಗುಂಗ್, ಇನ್ನೂ ದೂರ ಕಡಲಾಚೆ ಲೊಂಬೊಕ್ ದ್ವೀಪದ ರಿಂಜಾನಿ, ಒಂದರ ಹಿಂದೊಂದು ನೀಲಿಯಾಗಿ ನಿಂತಿದ್ದವು. ಸುತ್ತಲಿನ ಜನರೆಲ್ಲ ಒಂದು ಗಳಿಗೆ ಮಾತು ನಿಲ್ಲಿಸಿದರು.

ಆಗುಂಗ್ ಬಾಲಿಯ ಜನರಿಗೆ ಕೈಲಾಸವಿದ್ದಂತೆ. ಅದರ ಮೈಮೇಲೆ ಅವರ ಮಹಾಕ್ಷೇತ್ರ ಬೆಸಾಕಿಃ ಇದೆ. 1963ರಲ್ಲಿ ಅಲ್ಲಿ ನೂರು ವರ್ಷಕ್ಕೊಮ್ಮೆ ನಡೆಯಬೇಕಾದ 'ಏಕಾದಶ ರುದ್ರ' ಎಂಬ ಮಹಾಪೂಜೆ ನಡೆಯುತ್ತಿದ್ದಾಗಲೇ ಬೆಟ್ಟ ಉಕ್ಕಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾವಾ ಮಾತ್ರ ಕ್ಷೇತ್ರವನ್ನು ಮುಟ್ಟದೆ ಬದಿಗೆ ಹರಿಯಿತು. ಆ ಪೂಜೆಯನ್ನು ಜನ 1979ರಲ್ಲಿ ಮತ್ತೆ ಮಾಡಿ ಮುಗಿಸಿದರು. 2017ರಲ್ಲಿ ಆಗುಂಗ್ ಪುನಃ ಎದ್ದಾಗ ಲಕ್ಷಕ್ಕೂ ಮೇಲ್ಪಟ್ಟು ಜನ ಮನೆ ಬಿಟ್ಟು ಹೊರಡಬೇಕಾಯಿತು.

ಅಪ್ಪನ ಪ್ರಶ್ನೆ ಆಗ ನೆನಪಾಯಿತು. ದಾರಿಕಾರ ಹುಡುಗನನ್ನು ಕೇಳಿದೆ: ಇಷ್ಟಾದರೂ ನೀವು ಈ ಊರು ಬಿಟ್ಟು ಯಾಕೆ ಹೋಗಿಲ್ಲ? ಅವನು ಕೆಳಗಿನ ಕಪ್ಪು ಹರವನ್ನು ತೋರಿಸಿ, "ಬಿಟ್ಟೆವಲ್ಲ! ನಮ್ಮ ಮುತ್ತಜ್ಜನ ಊರು ಅಲ್ಲಿತ್ತು" ಎಂದ. ಆಮೇಲೆ ಬೆರಳನ್ನು ಮೇಲೆತ್ತಿ ಬಾಣಲೆಯ ಅಂಚನ್ನು ತೋರಿಸಿ, "ಈಗ ಅಲ್ಲಿದೆ" ಎಂದ.

ಅವನು ಹೇಳಿದ ಕಥೆ ಇದು. ಬಾತೂರ್ ಎಂಬ ಊರೂ ಕೆರೆಯ ದೇವತೆಯಾದ ದೇವಿ ದಾನುವಿನ ಗುಡಿಯೂ ಮೊದಲು ಈ ಬೆಟ್ಟದ ಬುಡದಲ್ಲಿದ್ದವು. 1917ರ ಜನವರಿಯಲ್ಲಿ ಭಾರಿ ಭೂಕಂಪವಾಗಿ ಬಾಲಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಬೆಟ್ಟವೂ ಉಕ್ಕಿತು. ಲಾವಾ ಊರಿನೊಳಗೆ ನುಗ್ಗಿ ಗುಡಿಯ ಬಾಗಿಲ ತನಕ ಬಂದು ನಿಂತುಬಿಟ್ಟಿತು. ದೇವಿ ನಮ್ಮನ್ನು ಇಲ್ಲಿಯೇ ಇರಿ ಎನ್ನುತ್ತಿದ್ದಾಳೆ ಎಂದುಕೊಂಡು ಜನ ಅಲ್ಲಿಯೇ ಉಳಿದರು, ಮನೆಗಳನ್ನು ಮತ್ತೆ ಕಟ್ಟಿದರು. ಒಂಬತ್ತು ವರ್ಷ ಕಳೆದು 1926ರ ಆಗಸ್ಟಿನಲ್ಲಿ ಬೆಟ್ಟ ಮತ್ತೆ ಉಕ್ಕಿತು. ಈ ಸಲ ಲಾವಾ ನಿಲ್ಲಲಿಲ್ಲ. ಊರೂ ಗುಡಿಯೂ ಕಲ್ಲಿನಡಿ ಹೂತುಹೋದವು. ಜನ ಗುಡಿಯಿಂದ ಉಳಿಸಿಕೊಳ್ಳಲಾದ ಪವಿತ್ರ ವಸ್ತುಗಳನ್ನು ಎತ್ತಿಕೊಂಡು ಬಾಣಲೆಯ ಅಂಚಿಗೆ ಹತ್ತಿ ಹೋದರು. ಅಲ್ಲಿ ಹೊಸ ಊರು ಕಟ್ಟಿದರು, ಹೊಸ ಗುಡಿ ಕಟ್ಟಿದರು. ಊರಿನ ಹೆಸರು ಮಾತ್ರ ಹಳೆಯದೇ, ಬಾತೂರ್.

ಮಧ್ಯಾಹ್ನ ಆ ಗುಡಿಗೆ ಹೋದೆವು. ಸೊಂಟಕ್ಕೆ ಪಂಚೆಯಂತಹ ವಸ್ತ್ರ, ಅದರ ಮೇಲೊಂದು ನಡುಪಟ್ಟಿ ಕಟ್ಟದೆ ಒಳಗೆ ಬಿಡುವುದಿಲ್ಲ. ಕಪ್ಪು ಕಲ್ಲಿನ ಎತ್ತರದ ಸೀಳುಬಾಗಿಲು. ಒಳಗೆ ದೇವಿಗೆ ಹನ್ನೊಂದು ಅಂತಸ್ತಿನ ಮಾಡು. ಗುಮಾಸ್ತನಾದ ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಬೇರೆ: ಈ ಗುಡಿ ಒಂದು ನೀರಾವರಿ ಕಚೇರಿಯೂ ಹೌದು! ಕೆರೆಯಿಂದ ಹೊರಗೆ ಹರಿಯುವ ಹೊಳೆಯಿಲ್ಲ. ನೀರು ನೆಲದಲ್ಲಿ ಇಂಗಿ ಕೆಳಗಿನ ಇಳಿಜಾರುಗಳಲ್ಲಿ ಊಟೆಗಳಾಗಿ ಏಳುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಆದ್ದರಿಂದ ಕೆಳಗಿನ ಗದ್ದೆಗಳ ರೈತರು 'ಸುಬಕ್' ಎಂಬ ತಮ್ಮ ನೀರಿನ ಸಂಘಗಳ ಮೂಲಕ ಈ ಗುಡಿಗೆ ಕಾಣಿಕೆ ತರುತ್ತಾರೆ. ನೀರಿನ ಜಗಳಗಳೂ ಇಲ್ಲಿಗೆ ಬರುತ್ತವೆ. ಯಾರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಗಳನ್ನು ಒಟ್ಟಿಗೆ ಖಾಲಿ ಬಿಡಬೇಕು ಎಂಬುದು ನೀರಿನ ಗುಡಿಗಳ ಸುತ್ತ ಗೊತ್ತಾಗುತ್ತದೆ. 1970ರ ದಶಕದಲ್ಲಿ ಸರಕಾರ ಈ ಕ್ರಮವನ್ನು ಬಿಟ್ಟು ಎಡೆಬಿಡದೆ ಬೆಳೆ ತೆಗೆಯಿರೆಂದಾಗ ನೀರಿಗೆ ತಗಾದೆ ಹುಟ್ಟಿತು, ಹುಳುವಿನ ಕಾಟ ಹೆಚ್ಚಿತು. ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಖಾಲಿಯಾದರೆ ಹುಳುವಿಗೆ ಆಹಾರವಿಲ್ಲ, ಎಲ್ಲರೂ ಒಟ್ಟಿಗೆ ನೀರು ಕೇಳಿದರೆ ನೀರು ಸಾಲದು. ಇವೆರಡನ್ನು ತೂಗಿಸುವ ಲೆಕ್ಕ ಗುಡಿಗಳಲ್ಲಿತ್ತು ಎಂದು ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಕೆರೆ, ಗುಡಿ, ಗದ್ದೆಗಳು ಸೇರಿದ ಈ ಸುಬಕ್ ವ್ಯವಸ್ಥೆ 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಗುಡಿಯಿಂದ ಹೊರಗೆ ಬಂದು ಅಂಚಿನಲ್ಲಿ ನಿಂತೆವು. ಬೆಳಗ್ಗೆ ಹತ್ತಿದ ಬೆಟ್ಟ, ಅದರ ಬುಡದ ಕಪ್ಪು ಹರವು ಎದುರಿಗೇ ಇದ್ದವು. ನನ್ನಾಕೆ ಮೆಲ್ಲಗೆ, "ಮಾಂವಾರು ಯಾಕ ಕೇಳಿದ್ರು ಅಂತ ಈಗ ತಿಳೀತೇನ್ರಿ?" ಎಂದಳು.

ತಿಳಿದಿತ್ತು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಬಾಗಲಕೋಟೆ ಜಿಲ್ಲೆಯ ನಮ್ಮ ಊರು ಮುಳುಗಿದಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಊರವರು ದ್ಯಾಮವ್ವನ ಕಟ್ಟಿಗೆಯ ಮೂರ್ತಿಯನ್ನು ಹೊತ್ತುಕೊಂಡು ದಿಬ್ಬದ ಮೇಲಿನ ಹೊಸ ಊರಿಗೆ ಹೋದರು. ಅಪ್ಪ ಹೋಗಲಿಲ್ಲ. "ಜಾಗಾ ಬಿಟ್ಟ ದೇವರು ಯಾತರ ದೇವರು" ಎಂದವರೇ ಪರಿಹಾರದ ಹಣದೊಡನೆ ನಮ್ಮನ್ನು ಕರೆದುಕೊಂಡು ಪುಣೆಗೆ ಬಂದುಬಿಟ್ಟರು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಹೊಸ ಊರಿನ ಜಾತ್ರೆಗೆ ಒಮ್ಮೆಯೂ ಹೋಗಿಲ್ಲ. ಕರೆಯಲು ಬಂದ ನೆಂಟರಿಗೆ ಚಹಾ ಕುಡಿಸಿ ಕಳಿಸುತ್ತಿದ್ದರು, ಅಷ್ಟೇ.

ಪುಣೆಗೆ ಬಂದ ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಲಾವಾ ಗುಡಿಯ ಬಾಗಿಲಲ್ಲಿ ನಿಂತದ್ದು, ಆಮೇಲೆ ನಿಲ್ಲದೆ ಹೋದದ್ದು, ಜನ ದೇವಿಯೊಡನೆ ಮೇಲಕ್ಕೆ ಹತ್ತಿದ್ದು. ಅವರು ಎಲೆ ಅಡಿಕೆ ಕೈಯಲ್ಲಿ ಹಿಡಿದು ಕೇಳಿದರು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು: "ಹೊಸಾ ಗುಡಿ ಮುಂದ ನಿಂತ್ರ ಹಳೇ ಊರಿನ ಜಾಗಾ ಕಾಣತೈತೇನು?"

"ಕಾಣತೈತಪ್ಪ. ಎದುರಿಗೇ ಐತಿ" ಎಂದೆ.

"ನಮ್ಮಲ್ಲೂ ಕಾಣತೈತಂತ" ಎಂದರು ಅಪ್ಪ. "ಬ್ಯಾಸಗಿಯೊಳಗ ನೀರು ಇಳಿದಾಗ."

ಈ ಮಾತನ್ನು ಅವರಿಗೆ ಯಾರು, ಯಾವಾಗ ಹೇಳಿದ್ದರೋ! ನಾನು ಕೇಳಲಿಲ್ಲ.

ಬಾಲಿಗೆ ಹೋಗುವವರಿಗೆ ನನ್ನದೊಂದು ಸಲಹೆ: ಗಟ್ಟಿಯಾದ ಬೂಟು, ಒಂದು ಉಣ್ಣೆಯ ಅಂಗಿ, ಟಾರ್ಚು ಮರೆಯಬೇಡಿ. ಬೆಟ್ಟದಿಂದ ಇಳಿದವರು ಸುಸ್ತಾಯಿತೆಂದು ನೇರವಾಗಿ ಕಡಲ ದಂಡೆಗೆ ಓಡದೆ, ಅಂಚಿನ ಮೇಲಿನ ಆ ಗುಡಿಯನ್ನು ನೋಡಿಕೊಂಡು ಹೋಗಿ. ನಾನಂತೂ ಈ ಬೇಸಗೆಗೆ ಎಂಟು ದಿನಗಳ ರಜೆಯ ಅರ್ಜಿ ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ. ಬಾಗಲಕೋಟೆಗೆ ಮೂರು ಟಿಕೀಟು ತೆಗೆಸಲು ಹೋದಾಗ ಅಪ್ಪ ಹಿಂದಿನಿಂದ ಕೂಗಿ, "ನಾಕು ತಗಸು, ನಂದೂ ಒಂದು" ಎಂದರು.