ಚಾವ್ ಎನ್ನುವಾಗಿನ ಚ

ಫ್ರಾನ್ಸಿನ ನೀಸ್ ಊರಿನಲ್ಲಿ ಶುಕ್ರವಾರ ಬಂತೆಂದರೆ ಚೀಲ ಹಿಡಿದವರೆಲ್ಲ ರೈಲು ನಿಲ್ದಾಣದತ್ತ ಹೊರಡುತ್ತಾರೆ. ಗಡಿಯಾಚೆ ಇಟಲಿಯ ವೆಂತಿಮಿಲ್ಯಾದಲ್ಲಿ ಅಂದು ಸಂತೆ. ಇವರ ಕೆಲಸದಿಂದಾಗಿ ಮೂರು ವರ್ಷದಿಂದ ಇಲ್ಲಿರುವ ನಾನೂ ಅವರಲ್ಲೊಬ್ಬಳು. ಸಮುದ್ರದ ಅಂಚಿನಲ್ಲೇ ಓಡುವ ರೈಲು ಒಂದು ಗಂಟೆಯೊಳಗೆ ಇನ್ನೊಂದು ದೇಶಕ್ಕೆ ಮುಟ್ಟಿಸುತ್ತದೆ.

ಈ ಗಡಿಯಲ್ಲಿ ಊರಿಗೆ ಎರಡೆರಡು ಹೆಸರು. ಫ್ರೆಂಚರ ನೀಸ್ ಇಟಲಿಯವರಿಗೆ ನಿತ್ಸಾ. ಫ್ರೆಂಚರ ಮೋಂ ಬ್ಲಾಂ ಇಟಲಿಯವರಿಗೆ ಮೊಂತೆ ಬಿಯಾಂಕೊ. ಎರಡಕ್ಕೂ ಅರ್ಥ ಬಿಳಿ ಬೆಟ್ಟವೇ. ವೆಂತಿಮಿಲ್ಯಾ ಎಂದರೆ 'ಇಪ್ಪತ್ತು ಮೈಲಿ' ಎಂದು ಕೇಳಿಸುತ್ತದೆ. ಎಲ್ಲಿಂದ ಇಪ್ಪತ್ತು ಎಂದು ಅಳೆಯಲು ಹೋಗಬೇಡಿ, ರೋಮನ್ನರ ಕಾಲದ ಆಲ್ಬಿಂತಿಮಿಲಿಯಂ ಸವೆದು ಹೀಗಾಗಿದೆ! ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿ 1807ರಲ್ಲಿ ಹುಟ್ಟಿದ್ದು ಇದೇ ನೀಸ್‌ನಲ್ಲಿ. 1860ರಲ್ಲಿ ಊರು ಫ್ರಾನ್ಸಿನ ಪಾಲಾದಾಗ ಆತ ಕೆಂಡವಾಗಿದ್ದ.

ನಮ್ಮ ಮನೆಯ ಗಲಾಟೆಯೂ ಹೆಸರಿನದೇ. ಎಂಟು ವರ್ಷದ ಮಗಳು ಚೇತನಾ. ಪಾಸ್‌ಪೋರ್ಟಿನಲ್ಲಿ ಅವಳ ಹೆಸರು ಶುರುವಾಗುವುದು ಸಿ, ಎಚ್ ಅಕ್ಷರಗಳಿಂದ. ಅವೆರಡು ಸೇರಿದರೆ ಫ್ರೆಂಚರಿಗೆ 'ಶ', ಇಟಲಿಯವರಿಗೆ 'ಕ'. ಹಾಗಾಗಿ ಶಾಲೆಯಲ್ಲಿ ಅವಳು ಶೆತಾನಾ, ಸಂತೆಯಲ್ಲಿ ಕೆತಾನಾ. ಸೈತಾನ ಎಂದು ಯಾರೋ ಛೇಡಿಸಿದ ದಿನ, "ಅಮ್ಮಾ, ನಂಗೆ ಬೇರೆ ಹೆಸರಿಡು" ಎಂದು ಅತ್ತೇ ಅತ್ತಳು. ಶಾಲೆಯ ಮಟ್ಟಿಗೆ ಮುಂದೊಂದು ಟಿ ಸೇರಿಸಿದರೆ ಫ್ರೆಂಚರ ಬಾಯಲ್ಲೂ 'ಚೆ' ಬರುತ್ತದಲ್ಲ ಎಂದು ಇವರ ಸಲಹೆ. ನನಗೆ ಮನಸ್ಸು ಬರಲಿಲ್ಲ. ಅಜ್ಜಿಯ ಹೆಸರದು.

ಕೆಳಮನೆಯ ಮುದುಕಿಗೆ ವಿಷಯ ತಿಳಿಯಿತು. ಆಕೆ ಬೆಟ್ಟದೂರು ತಾಂದ್‌ನವಳು. ಹುಟ್ಟಿದಾಗ ಅದು ಇಟಲಿಯ ತೆಂದಾ. ಮಹಾಯುದ್ಧದ ನಂತರ 1947ರಲ್ಲಿ ಊರು ಫ್ರಾನ್ಸಿಗೆ ಸೇರಿತು. ಮನೆ, ಬಾವಿ, ದನದ ಕೊಟ್ಟಿಗೆ ಎಲ್ಲ ಇದ್ದಲ್ಲೇ ಇದ್ದವು. ತಾಯಿ ಕತೆರೀನಾ ಮಾತ್ರ ಕಾಗದದಲ್ಲಿ ಕಾತ್ರೀನ್ ಆದಳಂತೆ. "ಕಾತ್ರೀನ್ ಅಂತ ಕೂಗಿದರೆ ಅಮ್ಮ ತಿರುಗಿಯೂ ನೋಡುತ್ತಿರಲಿಲ್ಲ" ಎಂದು ಮುದುಕಿ ನಕ್ಕಳು. ಮುಸೊಲಿನಿಯ ಕಾಲದಲ್ಲಿ ಇದರ ತಿರುವುಮುರುವು ನಡೆದಿತ್ತು. ಇಟಲಿಯೊಳಗೆ ಫ್ರೆಂಚ್ ಆಡುವ ಆವೋಸ್ತಾ ಕಣಿವೆಯಲ್ಲಿ ಲಾ ತ್ವಿಲ್ ಎಂಬ ಊರನ್ನು ಪೋರ್ತಾ ಲಿತೋರಿಯಾ ಮಾಡಿದ್ದರು. ಯುದ್ಧ ಮುಗಿದ ಮೇಲೆ ಹಳೆಯ ಹೆಸರೇ ಬಂತು.

ಮುದುಕಿ ಚೇತನಾಳನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು: "ನಿನ್ನ ಶಾಲೆಯ ಮಕ್ಕಳು ಮನೆಗೆ ಹೊರಡುವಾಗ ಏನನ್ನುತ್ತಾರೆ?"

"ಚಾವ್."

ಇಟಲಿಯ ಆ ಮಾತು ಇಲ್ಲಿಯ ಮಕ್ಕಳ ಬಾಯಲ್ಲೂ ಸಲೀಸು. ಮರುದಿನ ಅವಳು ತರಗತಿಯಲ್ಲಿ ನಿಂತು, ನನ್ನ ಹೆಸರಲ್ಲಿರುವುದು ಚಾವ್ ಎನ್ನುವಾಗಿನ ಚ, ಎಂದಳಂತೆ. ಸಂಜೆ ಗೇಟಿನ ಬಳಿ ಹುಡುಗರ ಗುಂಪೊಂದು, "ಚಾವ್, ಚೇತನಾ!" ಎಂದು ಕಿರುಚಿತು. ಸ್ಪೆಲಿಂಗ್ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇದೆ.