ಅತಿಥಿ, ಪುಟ ಮತ್ತು ಬೀಗ

ನರಕಚತುರ್ದಶಿಯ ಬೆಳಗು. ಹಬ್ಬಕ್ಕೆಂದು ಬಂದಿದ್ದ ನನ್ನ ಭಾವಮೈದುನ ತಲೆಗೆ ಎಣ್ಣೆಯೊತ್ತಿಕೊಂಡೇ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ. ಹಂಡೆಯ ನೀರು ಆರುತ್ತಿದೆಯೆಂದು ಅವನ ಅಕ್ಕ ಎರಡು ಬಾರಿ ಕೂಗಿದ್ದಾಯಿತು. “ಗೆಸ್ಟ್ ಪೇಜಿನ ಲಾಕ್ ಕೆಟ್ಟಿದೆ, ಒಂದು ನಿಮಿಷ” ಎಂದ. ಅತಿಥಿ, ಪುಟ, ಬೀಗ! ಕನ್ನಡ ಎಂ.ಎ. ಮಾಡಿದ ನನಗೆ ಮೂರೂ ಪರಿಚಿತ ಶಬ್ದಗಳೇ. ಮೂರೂ ಕೂಡಿದಾಗ ಮಾತ್ರ ಅರ್ಥ ಹೊಳೆಯಲಿಲ್ಲ.

ಅವನು ವಿವರಿಸಿದ. ಒಂದು ದೊಡ್ಡ ಗಣಕಯಂತ್ರದೊಳಗೆ ಹಲವು ಕಾಲ್ಪನಿಕ ಯಂತ್ರಗಳು ಬಿಡಾರ ಹೂಡಿರುತ್ತವೆ, ಅವೇ ಅತಿಥಿಗಳು. ಅವುಗಳ ಪಾರುಪತ್ತೇಗಾರನಿಗೆ ಹೈಪರ್‌ವೈಸರ್ ಎಂದು ಹೆಸರು. ಯಂತ್ರದ ಸ್ಮರಣಕೋಶವನ್ನು ಸಾಮಾನ್ಯವಾಗಿ 4,096 ಬೈಟುಗಳ ಪುಟಗಳಾಗಿ ಹಂಚುತ್ತಾರೆ. ಅತಿಥಿ ಪುಟವನ್ನು ಬೇಡಿದಾಗ ಹೈಪರ್‌ವೈಸರ್ ಅದನ್ನು ಹುಡುಕಿ, ತನ್ನ ಪಟ್ಟಿಯಲ್ಲಿ ಬರೆಯುತ್ತದೆ. ಹುಡುಕುವುದಕ್ಕೂ ಬರೆಯುವುದಕ್ಕೂ ನಡುವಣ ಸಂದಿನಲ್ಲಿ ಆತಿಥೇಯ ಯಂತ್ರವು ಅದೇ ಪುಟವನ್ನು ಹಿಂತೆಗೆದು ಬೇರೊಬ್ಬರಿಗೆ ಕೊಟ್ಟರೆ? ಒಬ್ಬರ ಗುಟ್ಟನ್ನು ಇನ್ನೊಬ್ಬರು ಓದಬಹುದು, ಅಳಿಸಲೂಬಹುದು. ಇದನ್ನೇ ರೇಸ್ ಕಂಡೀಷನ್ ಎನ್ನುತ್ತಾರಂತೆ. ಸಾವಿರ ಸಲ ಸರಿಯಾಗಿ ನಡೆದು, ಮರುಸಲ ಕೆಡುವ ದೋಷ.

“ಹುಡುಕುವ ಮೊದಲೇ ಬೀಗ ಹಾಕಿಬಿಡು” ಎಂದೆ, ಬಹಳ ತಿಳಿದವನಂತೆ.

“ಆಗದು, ಭಾವ. ಪುಟ ಡಿಸ್ಕಿನಿಂದ ಬರಬೇಕಾದರೆ ಕಾಯಬೇಕು. ಈ ಬೀಗವನ್ನು ಹಿಡಿದುಕೊಂಡು ನಿದ್ರೆ ಹೋಗುವಂತಿಲ್ಲ.”

2007ರಲ್ಲಿ ಲಿನಕ್ಸಿಗೆ ಸೇರಿದ ಕೆವಿಎಂ ಎಂಬ ಹೈಪರ್‌ವೈಸರಿನಲ್ಲಿ ಇದಕ್ಕೊಂದು ಸೊಗಸಾದ ಉಪಾಯವಿದೆ. ಪುಟವನ್ನು ಹಿಂತೆಗೆಯುವ ಮುನ್ನ ಆತಿಥೇಯ ಯಂತ್ರವು ಕೆವಿಎಂಗೆ ತಿಳಿಸಬೇಕು. 2008ರಲ್ಲಿ ಆಂಡ್ರಿಯಾ ಆರ್ಕಾಂಜೆಲಿ ಎಂಬವರು ತಂದ ಏರ್ಪಾಟು ಅದು. ಹಿಂತೆಗೆತ ಮುಗಿದಾಗಲೆಲ್ಲ ಒಂದು ಕ್ರಮಸಂಖ್ಯೆ ಏರುತ್ತದೆ. ಕೆವಿಎಂ ಹೊರಡುವ ಮೊದಲು ಆ ಸಂಖ್ಯೆಯನ್ನು ಗುರುತುಹಾಕಿಕೊಂಡು, ಬೀಗವಿಲ್ಲದೆಯೇ ಪುಟವನ್ನು ಹುಡುಕುತ್ತದೆ. ಆಮೇಲೆ ಬೀಗ ಹಿಡಿದು, ಬರೆಯುವ ಮುನ್ನ ಮತ್ತೊಮ್ಮೆ ನೋಡುತ್ತದೆ. ಹಿಂತೆಗೆತ ಇನ್ನೂ ನಡೆಯುತ್ತಿದ್ದರೆ, ಇಲ್ಲವೆ ಸಂಖ್ಯೆ ಬದಲಾಗಿದ್ದರೆ, ತಂದದ್ದನ್ನು ಕೈಬಿಟ್ಟು ಮೊದಲಿನಿಂದ ಹೊರಡುತ್ತದೆ. ನನ್ನ ಭಾವಮೈದುನನ ಬಳಗದವರಾರೋ ತಮ್ಮದೊಂದು ಬರಹದಲ್ಲಿ ಈ ಎರಡನೆಯ ನೋಟವನ್ನು ಬೀಗ ಹಿಡಿಯುವ ಮೊದಲೇ ಮುಗಿಸಿದ್ದರಂತೆ.

ನನಗೆ ಮಾತು ಹೊರಡಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಗಳನ್ನು ಹಂಚುವ ಹೊಣೆ ನನ್ನ ಮೇಲಿತ್ತು. ಹದಿನಾಲ್ಕನೆಯ ಕೋಣೆ ಖಾಲಿಯೆಂದು ಪುಸ್ತಕದಲ್ಲಿ ಕಂಡೆ. ಮಹಡಿ ಹತ್ತಿ ಮಂಚ, ದೀಪಗಳನ್ನು ನೋಡಿ ಬಂದೆ. ಆ ಹತ್ತು ನಿಮಿಷಗಳಲ್ಲಿ ಗುಮಾಸ್ತರು ಅದನ್ನು ಇನ್ನೊಬ್ಬನಿಗೆ ಕೊಟ್ಟು, ತಮ್ಮ ಪುಸ್ತಕದಲ್ಲಿ ಬರೆದಿದ್ದರು. ನಾನು ಅವರ ಪುಸ್ತಕವನ್ನು ನೋಡದೆ, ನನ್ನದರಲ್ಲಿ ಬರೆದೆ. ಸಂಜೆ ಒಂದೇ ಬಾಗಿಲ ಮುಂದೆ ಎರಡು ಟ್ರಂಕುಗಳು! ನನ್ನಿಂದ ಕೋಣೆ ಪಡೆದ ಹಳ್ಳಿಯ ಹುಡುಗನಿಗೆ, “ನಾಲ್ಕು ದಿನ ಬಿಟ್ಟು ಬಾರಪ್ಪ” ಎಂದೆ. “ಆಗಲಿ ಸರ್” ಎಂದು ಟ್ರಂಕನ್ನು ಹೆಗಲಿಗೇರಿಸಿಕೊಂಡು ಹೋದ. ಮತ್ತೆ ಬರಲಿಲ್ಲ.

“ಸರಿಹೋಯಿತು, ಭಾವ” ಎಂದ ಭಾವಮೈದುನ. ಒಂದೆರಡು ಸಾಲುಗಳನ್ನು ಬೀಗದ ಕೆಳಕ್ಕೆ ಇಳಿಸಿದ್ದನಷ್ಟೆ. ಅವನು ಸ್ನಾನಕ್ಕೆದ್ದ. ಆ ಹಳೆಯ ಪುಸ್ತಕ ಇನ್ನೂ ನನ್ನ ಬಳಿಯಿದೆ. ಹದಿನಾಲ್ಕರ ಎದುರಿಗೆ, ನನ್ನ ಕೈಬರಹದಲ್ಲೇ, ಆ ಹುಡುಗನ ಹೆಸರಿದೆ.