ಪಿಕಪ್ ಇಲ್ಲದ ಹಳೆಯ ಕಾರು



ಹಳೆಯ ಕಾರು ಇಟ್ಟುಕೊಂಡ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ರಿಪೇರಿ ಮಾಡಿಸುವುದೋ, ಗುಜರಿಗೆ ಕೊಡುವುದೋ? ನಮ್ಮ ಮನೆಯಲ್ಲೂ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಇದೇ ಮಾತು ನಡೆದಿತ್ತು. ನಮ್ಮಂತೆ ಯೋಚಿಸುತ್ತಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು 2004ರ ಮಾರುತಿ 800. ಈ ಪುಟ್ಟ ಕಾರು 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರಸ್ತೆಗಿಳಿಯಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. 796 ಸಿ.ಸಿ.ಯ ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ನಮ್ಮಂಥ ಎಷ್ಟೋ ಸಂಸಾರಗಳಿಗೆ ಅದೇ ಮೊದಲ ಕಾರು.

ಕೆಲಸದ ನಿಮಿತ್ತ ನಾವು ಖಾನಾಪುರದ ಕಡೆಯಿಂದ ಬಂದು ಗೋವೆಯ ಕೊರ್ಲಿಮಿನಲ್ಲಿ ನೆಲೆಸಿದವರು. ಅಮ್ಮ ಇನ್ನೂ ಊರಿನಲ್ಲೇ ಇದ್ದಾರೆ. ತಿಂಗಳಿಗೊಮ್ಮೆ ಅವರನ್ನು ಬೆಳಗಾವಿಯ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೊರ್ಲಿಮಿನಿಂದ ಹೊರಟರೆ ಕುಂಬಾರ್ಜುವಾ ಕಾಲುವೆಯ ಮೇಲಿನ ಬಾಣಸ್ತಾರಿ ಸೇತುವೆ, ಫರ್ಮಾಗುಡಿಯ ಏರು, ಫೋಂಡಾ, ಮೊಲ್ಲೆಮ್, ಆಮೇಲೆ ಅನ್ಮೋಡ್ ಘಾಟಿ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಫರ್ಮಾಗುಡಿಗೆ ಆ ದಿನಗಳಲ್ಲಿ ಎರಡನೇ ಗೇರು ಬೇಕಾಯಿತು. ಘಾಟಿಯಲ್ಲಂತೂ ಲಾರಿಯೊಂದರ ಹಿಂದೆ ಪೆಡಲನ್ನು ಪೂರ್ತಿ ಒತ್ತಿದರೂ ಕಾರು ಮುನ್ನುಗ್ಗಲಿಲ್ಲ. ಎದುರಿನ ದಾರಿ ಖಾಲಿ ಇದ್ದರೂ ನಾವು ಹಿಂದೆಯೇ ಉಳಿದೆವು. ಹಿಂದಿನ ಸೀಟಿನಲ್ಲಿದ್ದ ಅಮ್ಮ, “ಇನ್ನ ಮುಂದ ನಾ ಬಸ್ಸಿನ್ಯಾಗ ಹೋಗ್ತೀನಿ ಬಿಡ್ರಿ” ಎಂದರು. ಮೊಣಕಾಲು ಮಡಿಸಲಾಗದ ಅವರು ಬಸ್ಸು ಹತ್ತುವುದು ಹೇಗೆ?

ಒಂದು ಗ್ಯಾರೇಜಿನಲ್ಲಿ ಕಾರನ್ನು ಓಡಿಸಿ ನೋಡಿ, ರಿಂಗು ಸವೆದಿದೆ, ಎಂಜಿನ್ ಬಿಚ್ಚಬೇಕು ಎಂದರು. ಹೇಳಿದ ಖರ್ಚು ಕಾರು ಮಾರಿದರೆ ಬರುವ ಹಣಕ್ಕಿಂತ ಹೆಚ್ಚು. ನೆರೆಯವರೊಬ್ಬರು ಗದಗ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಶೆಡ್ಡನ್ನು ತೋರಿಸಿದರು. ಅವರು, “ನೋಡದ ಎಂಜಿನ್ ಬಿಚ್ಚಬಾರದ್ರಿ. ಮೊದಲ ರೊಕ್ಕ ಬೇಡದ ಪರೀಕ್ಷಾ ಮಾಡೂಣು” ಎಂದರು.

ಮೊದಲು ನೋಡಿದ್ದು ಎಂಜಿನ್ನಿನ ಹೊರಗಿನ ಸಂಗತಿಗಳನ್ನು. ಟೈರಿನಲ್ಲಿ ಗಾಳಿ ಸರಿಯಾಗಿದೆಯೇ? ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್ ಮಾಡಿ ತಳ್ಳಿದರೆ ಕಾರು ಸಲೀಸಾಗಿ ಉರುಳುತ್ತದೆಯೇ? ಉರುಳದಿದ್ದರೆ ಬ್ರೇಕು ಹಿಡಿದುಕೊಂಡಿದೆ ಎಂದರ್ಥ. ಆಮೇಲೆ ಹ್ಯಾಂಡ್ ಬ್ರೇಕು ಬಿಗಿದು, ಮೂರನೇ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟರು. ಎಂಜಿನ್ ಕೂಡಲೇ ಬಂದಾಯಿತು. ಬಂದಾಗದೆ ಓಡುತ್ತಲೇ ಇದ್ದರೆ ಕ್ಲಚ್ಚು ಜಾರುತ್ತಿದೆ ಎಂದು ತಿಳಿಯಬೇಕು. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಬಾನೆಟ್ಟಿನೊಳಗೆ ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ ಎಂದೂ ನೋಡಿದೆವು. ಏರ್ ಫಿಲ್ಟರಿನಲ್ಲಿ ಗೋವೆಯ ಕೆಂಪು ಧೂಳು ತುಂಬಿತ್ತು. ಅದನ್ನೂ ಪೆಟ್ರೋಲ್ ಫಿಲ್ಟರನ್ನೂ ಬದಲಿಸಿದರು. ಪೆಟ್ರೋಲ್ ಪಂಪಿನ ಒತ್ತಡ ಸರಿಯಿತ್ತು. ಕಾರು ಮಾತ್ರ ಅಷ್ಟೇ ಮಂದ.

ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದಲೇ ಹೀಗಾಯಿತೇ ಎಂದು ಕೇಳಿದೆವು. 2025ರ ಹೊತ್ತಿಗೆ ಬಂಕುಗಳಲ್ಲಿ ಶೇ. 20ರಷ್ಟು ಎಥೆನಾಲ್ ಇರುವ ಪೆಟ್ರೋಲ್ ಸಾಮಾನ್ಯವಾಗಿದೆ. ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ಮೈಲೇಜು ಸ್ವಲ್ಪ ಇಳಿಯಬಹುದು. ಹಳೆಯ ಟ್ಯಾಂಕಿನ ಕೊಳೆ ಸಡಿಲಾಗಿ ಫಿಲ್ಟರಿಗೆ ಬರಬಹುದು, ಹಳೆಯ ರಬ್ಬರ್ ಪೈಪುಗಳನ್ನು ನೋಡಿಕೊಳ್ಳಬೇಕು. ಆದರೆ ಅದೊಂದರಿಂದಲೇ ಕಾರು ಏರಿನಲ್ಲಿ ಇಷ್ಟು ಸೋಲುವುದಿಲ್ಲ.

ಆಮೇಲೆ ಪ್ಲಗ್ಗುಗಳು. ಎರಡು ಪ್ಲಗ್ಗುಗಳ ತುದಿ ತಿಳಿ ಕಂದು ಬಣ್ಣಕ್ಕಿತ್ತು. ಅದು ಆರೋಗ್ಯದ ಬಣ್ಣ. ನಡುವಿನದು ಕಪ್ಪಾಗಿ ಒದ್ದೆಯಾಗಿತ್ತು. ಪ್ಲಗ್ಗು ಬಿಚ್ಚಿದ ರಂಧ್ರಗಳಿಗೆ ಗೇಜು ಹಚ್ಚಿ ಕಂಪ್ರೆಷನ್ ನೋಡಿದರು. ಮೂರೂ ಸಿಲಿಂಡರುಗಳ ಅಳತೆ ಚೆನ್ನಾಗಿಯೂ ಬಹುತೇಕ ಸಮವಾಗಿಯೂ ಬಂತು. ಒಂದರಲ್ಲಿ ಕಡಿಮೆ ಬಂದಿದ್ದರೆ ಅದರೊಳಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಗ ಅಳತೆ ಏರಿದರೆ ರಿಂಗಿನ ದೋಷ, ಏರದಿದ್ದರೆ ಹೆಚ್ಚಾಗಿ ವಾಲ್ವಿನದು. ನಮ್ಮ ಕಾರಿಗೆ ಅದರ ಅಗತ್ಯವೇ ಬೀಳಲಿಲ್ಲ. ಎಂಜಿನ್ ಬಿಚ್ಚುವ ಮಾತು ಅಲ್ಲಿಗೇ ಮುಗಿಯಿತು.

ಕತ್ತಲಾದ ಮೇಲೆ ಬಾನೆಟ್ ತೆರೆದು, ಎಂಜಿನ್ ಚಾಲು ಮಾಡಿ, ಕೈ ದೂರವಿಟ್ಟು ನೋಡಿದೆವು. ನಡುವಿನ ಪ್ಲಗ್ಗಿನ ವೈರಿನಿಂದ ನೀಲಿ ಕಿಡಿ ಎಂಜಿನ್ನಿನ ಮೈಗೆ ಹಾರುತ್ತಿತ್ತು! ಮಳೆಗಾಲದ ತೇವದಲ್ಲಿ ಬಿರುಕುಬಿಟ್ಟ ವೈರು ಹೀಗೆ ಸೋರುತ್ತದೆಯಂತೆ. ವೈರುಗಳನ್ನೂ ಪ್ಲಗ್ಗುಗಳನ್ನೂ ಬದಲಿಸಿದಾಗ ಎಂಜಿನ್ನಿನ ನಡುಕ ನಿಂತಿತು. ಆದರೆ ಪಿಕಪ್ ಅರ್ಧದಷ್ಟೂ ಮರಳಲಿಲ್ಲ.

ಮೆಕ್ಯಾನಿಕರು ಈಗ ವ್ಯಾಕ್ಯೂಮ್ ಗೇಜು ಹಚ್ಚಿದರು. ಎಂಜಿನ್ ವೇಗವನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿ ಹಾಗೇ ಹಿಡಿದಾಗ ಮುಳ್ಳು ಸ್ಥಿರವಾಗಿ ನಿಲ್ಲಬೇಕಿತ್ತು. ಅದು ಮೆಲ್ಲಮೆಲ್ಲನೆ ಇಳಿಯುತ್ತ ಹೋಯಿತು. “ಉಸಿರು ಒಳಗ ಹೋಗಾಕತ್ತೇತಿ, ಹೊರಗ ಬರವಲ್ದು” ಎಂದರು. ಸೈಲೆನ್ಸರಿಗಿಂತ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮೆಲ್ಲನೆ ಬಡಿದರೆ ಒಳಗೆ ಒಡೆದ ಮಡಕೆಯ ಸದ್ದು. ಹೊಗೆಯ ವಿಷವನ್ನು ಕಡಿಮೆ ಮಾಡಲು ಅದರೊಳಗೆ ಜೇನುಗೂಡಿನಂಥ ಪಿಂಗಾಣಿ ಇರುತ್ತದೆ. ಕಿಡಿ ತಪ್ಪಿದ ಸಿಲಿಂಡರಿನಿಂದ ಸುಡದೆ ಹೊರಬಂದ ಪೆಟ್ರೋಲ್ ಅಲ್ಲಿ ಉರಿಯುತ್ತದೆ. ಆ ಅತಿಯಾದ ಶಾಖಕ್ಕೆ ಪಿಂಗಾಣಿ ಕರಗಿ, ಒಡೆದು ದಾರಿ ಕಟ್ಟುತ್ತದೆ. ವೈರು ಬದಲಿಸದೆ ಕನ್ವರ್ಟರ್ ಮಾತ್ರ ಹಾಕಿಸಿದ್ದರೆ ಹೊಸದೂ ಸುಟ್ಟು ಹೋಗುತ್ತಿತ್ತು. ಅದನ್ನು ತೆಗೆದು ಬರೀ ಪೈಪು ಹಾಕಿರೆಂದು ಯಾರೋ ಸಲಹೆ ಕೊಟ್ಟರು. ಮೆಕ್ಯಾನಿಕರು ಒಪ್ಪಲಿಲ್ಲ. ಹೊಗೆ ತಪಾಸಣೆಯ ಕಾನೂನೂ ಇದೆ, ಮಕ್ಕಳು ಉಸಿರಾಡುವ ಗಾಳಿಯೂ ಅದೇ ಎಂದರು. ಹೊಸದನ್ನೇ ಹಾಕಿಸಿದೆವು. ಒಟ್ಟು ಖರ್ಚು ಮೊದಲು ಕೇಳಿದ್ದರ ಮೂರನೇ ಒಂದು ಪಾಲೂ ಆಗಲಿಲ್ಲ.

ಈಗ ಫರ್ಮಾಗುಡಿಯನ್ನು ಮತ್ತೆ ಮೂರನೇ ಗೇರಿನಲ್ಲೇ ಹತ್ತುತ್ತೇವೆ. ಹದಿನೈದು ವರ್ಷ ತುಂಬಿದ ಕಾರಿಗೆ ಐದೈದು ವರ್ಷಕ್ಕೆ ಮರುನೋಂದಣಿ ಆಗಬೇಕು. ನಮ್ಮದಕ್ಕೆ 2019ರಲ್ಲಿ ಆಯಿತು, 2024ರಲ್ಲಿ ಮತ್ತೆ ಆಯಿತು. 2029ಕ್ಕೆ ಏನಾಗುವುದೋ ಆಗ ನೋಡೋಣ. ನಿಮ್ಮ ಕಾರು ಸೋತರೆ ಗುಜರಿಯ ಮಾತಿಗೆ ಮೊದಲು ಗಾಳಿ, ಬ್ರೇಕು, ಕ್ಲಚ್ಚು, ಫಿಲ್ಟರು, ಕಿಡಿ, ಕಂಪ್ರೆಷನ್, ಹೊಗೆಯ ದಾರಿ ಇವುಗಳನ್ನು ಈ ಕ್ರಮದಲ್ಲಿ ನೋಡಿಸಿ. ಅಮ್ಮ ಬಸ್ಸಿನ ಮಾತನ್ನು ಮತ್ತೆ ಎತ್ತಿಲ್ಲ. ಮುಂದಿನ ತಿಂಗಳ ತಾರೀಖನ್ನು ಮಾತ್ರ ಈಗಲೇ ಕೇಳಿಟ್ಟುಕೊಂಡಿದ್ದಾರೆ.